ನೆಲಮಾಳಿಗೆಯೇ ಇಲ್ಲದ ಮನೆ

ಪ್ರಶ್ನೆ: ಮೇಷ್ಟ್ರೇ, ಹಿಟ್ಲರ್ ಸತ್ತ ಮೇಲೆ ಯುರೋಪಿನಲ್ಲಿ ಯಹೂದಿ ದ್ವೇಷ ಮುಗಿದುಹೋಯಿತು ಅಲ್ವಾ? ಹಾಗಿದ್ದರೆ ಬದುಕುಳಿದವರು ತಮ್ಮ ಊರಲ್ಲೇ ಇರಬಹುದಿತ್ತಲ್ಲ?
- ಓದುಗರೊಬ್ಬರು, ತಿಪಟೂರು

ಉತ್ತರ: ಇರಲು ನೋಡಿದವರ ಕತೆ ಹೇಳ್ತೀನಿ, ಕೇಳಿ.

ಪೋಲೆಂಡಿನ ಕಿಯೆಲ್ತ್ಸೆ ಊರಿನಲ್ಲಿ ಯುದ್ಧಕ್ಕೆ ಮೊದಲು ಸುಮಾರು 20 ಸಾವಿರ ಯಹೂದಿಗಳಿದ್ದರು. 1946ರಲ್ಲಿ ಅಲ್ಲಿದ್ದವರು ಇನ್ನೂರೂ ಇರಲಿಲ್ಲ. ಸಾವಿನ ಶಿಬಿರಗಳಿಂದ, ರಷ್ಯಾದಿಂದ ಹಿಂದಿರುಗಿದವರು. ಹೆಚ್ಚಿನವರು ಪ್ಲಾಂಟಿ ಬೀದಿಯ 7ನೇ ನಂಬರಿನ ಕಟ್ಟಡದಲ್ಲಿ ಒಟ್ಟಿಗೆ ಇದ್ದರು.

ಆ ಜುಲೈನಲ್ಲಿ ಎಂಟು ವರ್ಷದ ಹುಡುಗನೊಬ್ಬ ಮನೆಯಲ್ಲಿ ಹೇಳದೆ, ತಾನು ಮೊದಲು ಇದ್ದ ಹಳ್ಳಿಗೆ ಹೋಗಿಬಿಟ್ಟ. ವಾಪಸ್ ಬಂದವನು ಯಹೂದಿಗಳು ತನ್ನನ್ನು ಆ ಕಟ್ಟಡದ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರು ಎಂದ. ಪೊಲೀಸರು ಹುಡುಕಲು ಹೋದರು. ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ!

ಸುಳ್ಳು ಅಲ್ಲೇ ಬಯಲಾಗಬೇಕಿತ್ತು. ಆದರೆ ಹೊರಗೆ ಜನ ಸೇರಿದ್ದರು. ಪೊಲೀಸರೂ ಸೈನಿಕರೂ ಒಳನುಗ್ಗಿ ಯಹೂದಿಗಳ ಆಯುಧ ಕಿತ್ತುಕೊಂಡರು, ಗುಂಡು ಹಾರಿಸಿದರು. ಯಹೂದಿ ಸಮಿತಿಯ ಮುಖ್ಯಸ್ಥ ಸೆವೆರಿನ್ ಕಹಾನೆ ಸಹಾಯಕ್ಕೆ ಫೋನ್ ಮಾಡುತ್ತಿದ್ದಾಗಲೇ ಕೊಂದರು. ಉಕ್ಕಿನ ಕಾರ್ಖಾನೆಯ ಕೆಲಸಗಾರರು ಕಬ್ಬಿಣದ ಸರಳು ಹಿಡಿದು ಬಂದರು. ಜುಲೈ 4ರ ಆ ಒಂದು ದಿನದಲ್ಲಿ ಸತ್ತ ಯಹೂದಿಗಳು 42.

ಮಗುವಿನ ಮಾತನ್ನು ಊರು ಅಷ್ಟು ಬೇಗ ಯಾಕೆ ನಂಬಿತು? ಆ ಕತೆ ಅವರಿಗೆ ಹೊಸದಲ್ಲ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ 1144ರಲ್ಲಿ ಒಬ್ಬ ಹುಡುಗ ಸತ್ತಾಗ ಯಹೂದಿಗಳೇ ಕೊಂದರು ಅಂತ ಕತೆ ಕಟ್ಟಿದರು. 1255ರಲ್ಲಿ ಲಿಂಕನ್ ಊರಿನ ಇಂಥದ್ದೇ ಆರೋಪಕ್ಕೆ 19 ಯಹೂದಿಗಳನ್ನು ನೇಣಿಗೇರಿಸಿದರು. ಯಹೂದಿಗಳು ತಮ್ಮ ಪಸ್ಕ ಹಬ್ಬದ ರೊಟ್ಟಿಗೆ ಕ್ರೈಸ್ತ ಮಕ್ಕಳ ರಕ್ತ ಬೆರೆಸುತ್ತಾರಂತೆ! ರಕ್ತ ತಿನ್ನುವುದು ಯಹೂದಿ ಧರ್ಮದಲ್ಲೇ ನಿಷಿದ್ಧ. ಮಾಂಸಕ್ಕೆ ಉಪ್ಪು ಹಚ್ಚಿ, ರಕ್ತ ಬಸಿದು, ಆಮೇಲೆ ಅಡುಗೆ ಮಾಡುವ ಜನ ಅವರು. ಪೋಪ್ ನಾಲ್ಕನೇ ಇನ್ನೊಸೆಂಟ್ 1247ರಲ್ಲೇ ಈ ಆರೋಪ ಸುಳ್ಳು ಅಂದಿದ್ದರು. ಯಾರು ಕೇಳಿದರು? ಎಲ್ಲವನ್ನೂ ಹಿಟ್ಲರನ ತಲೆಗೆ ಕಟ್ಟಿ ಪಾಠ ಮುಗಿಸುವುದು ನಮ್ಮಂಥ ಮೇಷ್ಟ್ರುಗಳಿಗೆ ಸುಲಭ. ಈ ಕತೆಗೆ ಅವನಿಗಿಂತ ಏಳುನೂರು ವರ್ಷ ಜಾಸ್ತಿ ವಯಸ್ಸು.

ಕಿಯೆಲ್ತ್ಸೆಯಲ್ಲಿ ಒಂಬತ್ತು ಜನರಿಗೆ ಕೆಲವೇ ದಿನಗಳಲ್ಲಿ ಮರಣದಂಡನೆಯಾಯಿತು. ಯಹೂದಿಗಳಿಗೆ ಅದರಿಂದ ಧೈರ್ಯವೇನೂ ಬರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಹತ್ತಾರು ಸಾವಿರ ಯಹೂದಿಗಳು ಪೋಲೆಂಡ್ ಬಿಟ್ಟರು. ಅವರಲ್ಲಿ ಬಹಳ ಜನ ಸೇರಿದ್ದು ಜರ್ಮನಿಯ ನಿರಾಶ್ರಿತರ ಶಿಬಿರಗಳಿಗೆ. ಹೌದು, ಜರ್ಮನಿಗೇ. ಅಲ್ಲಿ ಕಾವಲಿಗೆ ಅಮೆರಿಕದ ಸೈನ್ಯವಿತ್ತು.