ಮಕ್ಕಳು ಮಲಗಿದ ಮೇಲಿನ ಚಾ

ತಮ್ಮಾ, ನಿನ್ನ ಮೆಸೇಜು ಓದಿದೆ. ಹೆಂಡತಿ ಮಕ್ಕಳನ್ನು ದುಬೈಗೆ ಕರೆಸಿ ಮೂರು ತಿಂಗಳಾಯಿತು, ದೊಡ್ಡವನಿಗೆ ಆರು, ಚಿಕ್ಕವಳಿಗೆ ಮೂರು, ಬಾಡಿಗೆ ಮತ್ತು ಸ್ಕೂಲ್ ಫೀಸು ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಅಂತ ಬರೆದಿದ್ದೀಯ. "ಅಣ್ಣಾ, ನಾವಿಬ್ಬರೇ ಕೂತು ಮಾತಾಡದೆ ಎಷ್ಟು ದಿನ ಆಯಿತೋ ಗೊತ್ತಿಲ್ಲ. ಖರ್ಚಿಲ್ಲದೆ ಎಲ್ಲಿಗೆ ಹೋಗಬಹುದು?" ಅಂತ ಕೇಳಿದ್ದೀಯ.

ನಾನೀಗ ದುಬೈಯಿಂದ ರಜೆಗೆ ಬಂದು ಊರಿನಲ್ಲಿ, ಕಾಸರಗೋಡಿನ ಕುಂಬಳೆಯಲ್ಲಿದ್ದೇನೆ. ಹೊರಗೆ ಆಟಿ ತಿಂಗಳ ಮಳೆ, ಮನೆಯಲ್ಲಿ ಕರೆಂಟಿಲ್ಲ. ಜಗಲಿಯಲ್ಲಿ ಕೂತು ಉದ್ದಕ್ಕೆ ಬರೆಯಲು ಪುರುಸೊತ್ತಿದೆ.

ನೀನು ಕೇಳಿದ್ದು ಜಾಗ. ನಾನು ಮೊದಲು ಹೊತ್ತಿನ ವಿಷಯ ಹೇಳುತ್ತೇನೆ. ನಾವು ಸಣ್ಣವರಿರುವಾಗ ಯಕ್ಷಗಾನ ಬಯಲಾಟಕ್ಕೆ ಹೋಗುತ್ತಿದ್ದದ್ದು ನೆನಪಿದೆ ಅಲ್ವಾ? ಚಾಪೆ ಹಾಸಿ ಕೂತುಕೊಳ್ಳುವುದು, "ಬಣ್ಣದ ವೇಷ ಬರುವಾಗ ಎಬ್ಬಿಸಬೇಕು" ಎಂದು ಹೇಳಿ ಹನ್ನೊಂದು ಗಂಟೆಗೆಲ್ಲ ಮಲಗಿಬಿಡುವುದು. ಒಮ್ಮೆ ನಡುವೆ ಎಚ್ಚರಾಗಿ ನೋಡಿದರೆ ಪಕ್ಕದಲ್ಲಿ ಅಜ್ಜಿ ಮಾತ್ರ. ಅಪ್ಪ ಅಮ್ಮ ದೂರದಲ್ಲಿ, ಗ್ಯಾಸ್‌ಲೈಟು ಹಚ್ಚಿದ ಅಂಗಡಿಯ ಹತ್ತಿರ ಚಾ ಕುಡಿಯುತ್ತಾ ನಿಂತಿದ್ದರು. ಅಮ್ಮ ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ಅವರ ಸುತ್ತಾಟ ಅಂದರೆ ಅಷ್ಟೇ ಇತ್ತು.

ದುಬೈಯಲ್ಲಿ ಆ ಅಜ್ಜಿ ಇಲ್ಲ, ಅದೇ ಕಷ್ಟ. ಮಕ್ಕಳನ್ನು ನೋಡಿಕೊಳ್ಳಲು ಗಂಟೆ ಲೆಕ್ಕದಲ್ಲಿ ಯಾರನ್ನಾದರೂ ಕದ್ದುಮುಚ್ಚಿ ಕೆಲಸಕ್ಕೆ ಕರೆಯಬೇಡ. ಕೆಲಸದ ಪರ್ಮಿಟ್ ಇಲ್ಲದವರನ್ನು ಇಟ್ಟುಕೊಂಡರೆ ಕಟ್ಟಬೇಕಾದ ದಂಡ ನಿನ್ನ ಎಷ್ಟೋ ತಿಂಗಳ ಸಂಬಳ ನುಂಗುತ್ತದೆ. ಮಕ್ಕಳು ಮಲಗಿದ್ದಾರೆ ಎಂದು ಬೀಗ ಹಾಕಿ ಕೆಳಗಿಳಿಯುವುದೂ ಬೇಡ. ಐದು ನಿಮಿಷಕ್ಕೂ ಬೇಡ.

ಹಾಗಾದರೆ ಮಕ್ಕಳು ಎಷ್ಟು ಗಂಟೆಗೆ ಮಲಗುತ್ತಾರೆ, ಎಲ್ಲಿ ಬೇಗ ಮಲಗುತ್ತಾರೆ ಅಂತ ಒಂದು ವಾರ ಗಮನಿಸು. ನಮ್ಮ ಮಗಳು ಗಾಡಿ ಅಲುಗಾಡಿದರೆ ಹತ್ತು ನಿಮಿಷದಲ್ಲಿ ನಿದ್ದೆ. ಅದನ್ನೇ ಹಿಡಿದುಕೊಂಡೆವು. ಶುಕ್ರವಾರ ರಾತ್ರಿ ಊಟ ಮಾಡಿ, ಹಳೇ ಕಾರಿನಲ್ಲಿ ಒಂದು ಸುತ್ತು. ಮಕ್ಕಳಿಬ್ಬರೂ ಹಿಂದೆ ಮಲಗಿದ ಮೇಲೆ ಯಾವುದಾದರೂ ಕೆಫೆಟೇರಿಯಾದ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರೆ ಹುಡುಗ ಕಾರಿನ ಬಳಿಗೇ ಚಾ ತರುತ್ತಾನೆ. ಹಾರ್ನ್ ಮೆಲ್ಲ ಹೊಡೆಯಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ನೀರುಪಾಲು. ಹೆಚ್ಚಿನ ಸಲ ಆ ಹುಡುಗ ಕಣ್ಣೂರು ಕಡೆಯವನು, ಇಲ್ಲವೇ ನಮ್ಮ ಕಾಸರಗೋಡಿನವನೇ. ಎರಡು ಚಾಕ್ಕೆ ಮೂರೋ ನಾಲ್ಕೋ ದಿರ್ಹಂ. ಅಲ್ಲಿ ಕೂತು ಆಡಿದಷ್ಟು ಮಾತು ನಾವು ಬೇರೆಲ್ಲೂ ಆಡಿಲ್ಲ. ಒಂದೇ ಕಟ್ಟುಪಾಡು: ಆ ಹೊತ್ತಿನಲ್ಲಿ ಬ್ಯಾಂಕ್ ಸಾಲ, ಊರಿನ ಜಾಗದ ತಕರಾರು ಎರಡೂ ಎತ್ತಬಾರದು. ತಕರಾರು ನಾನೇ ಎಷ್ಟೋ ಸಲ ಎತ್ತಿ ಬೈಸಿಕೊಂಡಿದ್ದೇನೆ.

ನಿನಗೆ ಕಾರಿಲ್ಲ, ಗೊತ್ತು. ಹಾಗಾದರೆ ಚಿಕ್ಕವಳಿಗೆ ಸ್ಟ್ರಾಲರ್ ಇರಲಿ. ಬೇಸಿಗೆಯಲ್ಲಿ ಹೊರಗೆ ಕಾಲಿಡಲು ಆಗದಾಗ ಮೆಟ್ರೋದಿಂದ ದುಬೈ ಮಾಲ್‌ಗೆ ಹೋಗುವ ಎಸಿ ಸೇತುವೆ ಇದೆಯಲ್ಲ, ಅದರಲ್ಲಿ ತಳ್ಳಿಕೊಂಡು ಹೋಗು. ಕೊನೆ ಮುಟ್ಟುವುದರೊಳಗೆ ಮಲಗಿರುತ್ತಾಳೆ. ಬುರ್ಜ್ ಖಲೀಫಾದ ಬುಡದಲ್ಲಿ ಸಂಜೆ ಹೊತ್ತು ಕಾರಂಜಿ ನೋಡಲು ಕಾಸು ಬೇಡ. ಆದರೆ ಶನಿವಾರ ಹೋಗಬೇಡ, ಜನಜಂಗುಳಿಯಲ್ಲಿ ದೊಡ್ಡವನ ಕೈ ಬಿಡಲೂ ಆಗದು.

ಮೆಟ್ರೋದಲ್ಲಿ ಎರಡು ಎಚ್ಚರ. ಹೆಂಗಸರು ಮತ್ತು ಮಕ್ಕಳ ಡಬ್ಬಿಗೆ ನೀನು ಹತ್ತಿದರೆ 100 ದಿರ್ಹಂ ದಂಡ. ಒಳಗೆ ತಿಂದರೂ 100. ಅತ್ತೆ ಕಳಿಸಿದ ಚಕ್ಕುಲಿ ಡಬ್ಬಿ ಇಳಿಯುವವರೆಗೆ ತೆರೆಯಬೇಡ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ.

ಚಳಿಗಾಲ ಬಂದರೆ ಅಬ್ರಾ ಹತ್ತು. ದೇರಾದಿಂದ ಬರ್ ದುಬೈಗೆ ಕ್ರೀಕ್ ಎಂಬ ಹಿನ್ನೀರು ದಾಟಿಸುವ ಮರದ ದೋಣಿ, ತಲೆಗೆ 1 ದಿರ್ಹಂ. ನಡುವಿನ ಹಲಗೆಯ ಮೇಲೆ ನೀರಿಗೆ ಮುಖ ಮಾಡಿ ಕೂತರೆ ಮಕ್ಕಳು ನೀರು, ಹಕ್ಕಿ, ಹಡಗು ನೋಡುತ್ತಾ ಬಾಯಿ ಮುಚ್ಚಿಕೊಂಡಿರುತ್ತಾರೆ. ಆಚೆ ದಡ ಬರಲು ಐದಾರು ನಿಮಿಷ. ಸಾಲದಿದ್ದರೆ ವಾಪಸ್ ಬಾ, ಮತ್ತೆ ಹೋಗು. ಒಂದು ಸಂಜೆ ನಾವು ಆರು ಸಲ ದಾಟಿದ್ದೇವೆ. ದೋಣಿಯವನು ಕೊನೆಗೆ ನಮ್ಮನ್ನು ಸಂಶಯದಿಂದ ನೋಡಿದ. ಇಳಿದ ಮೇಲೆ ಅಲ್ ಫಾಹಿದಿಯ ಹಳೇ ಮಣ್ಣಿನ ಬಣ್ಣದ ಓಣಿಗಳಲ್ಲಿ ಸುಮ್ನೆ ನಡೆಯಿರಿ. ಮೀನಾ ಬಜಾರ್ ಕಡೆ ಮಲ್ಲಿಗೆ ಕಂಡರೆ ತೆಗೆದುಕೊಡು. ಕೈ ಹಿಡಿದು ನಡೆದರೆ ಯಾರೂ ಕೇಳುವುದಿಲ್ಲ, ಅದಕ್ಕಿಂತ ಮುಂದೆ ರಸ್ತೆಯಲ್ಲಿ ಬೇಡ, ಕೇಸಾಗಬಹುದು. ಕುಂಬಳೆ ಪೇಟೆಯಲ್ಲಿ ನಾನು ಇವಳ ಕೈ ಹಿಡಿದವನೇ ಅಲ್ಲ. ಹಿಡಿದದ್ದು ಆ ಓಣಿಯಲ್ಲಿ, ಮದುವೆಯಾಗಿ ಐದು ವರ್ಷದ ಮೇಲೆ.

ಕ್ರೀಕ್ ಪಾರ್ಕ್‌ಗೆ 5 ದಿರ್ಹಂ ಟಿಕೆಟ್. ಮಕ್ಕಳನ್ನು ಜಾರುಬಂಡೆಗೆ ಬಿಟ್ಟು ಎದುರಿನ ಹುಲ್ಲಿನ ಮೇಲೆ ಕೂತುಕೊಳ್ಳಬಹುದು. ಮನೆಯಿಂದಲೇ ಬುತ್ತಿ ತೆಗೆದುಕೊಂಡು ಹೋಗು.

ದುಡ್ಡು ಸುರಿದು ನೋಡಿದ್ದೂ ಇದೆ. ಒಂದು ವರ್ಷ ನಮ್ಮ ಮದುವೆಯಾದ ದಿನಕ್ಕೆ ದೊಡ್ಡ ಹೋಟೆಲಿನ ಬುಫೆಗೆ ಹೋದೆವು. ಸಣ್ಣವನು ಸೂಪು ಚೆಲ್ಲಿದ, ಮಗಳು ಅತ್ತಳು. ನಾನು ಉಣ್ಣುವಾಗ ಇವಳು ಹೊರಗೆ, ಇವಳು ಉಣ್ಣುವಾಗ ನಾನು ಹೊರಗೆ. ಬಿಲ್ಲು ಮಾತ್ರ ಇಬ್ಬರದ್ದೂ ಒಟ್ಟಿಗೆ ಬಂತು.

ಇನ್ನೊಂದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಉಪಯೋಗದ್ದು. ನಿನ್ನ ಕಟ್ಟಡದಲ್ಲೇ ಮಕ್ಕಳಿರುವ ಒಂದು ಮನೆ ಹುಡುಕು. ಒಂದು ಶನಿವಾರ ಅವರ ಮಕ್ಕಳು ನಿಮ್ಮಲ್ಲಿ ಮೂರು ಗಂಟೆ, ಮುಂದಿನ ಶನಿವಾರ ನಿಮ್ಮವರು ಅವರಲ್ಲಿ. ಮೊದಲ ಸರದಿ ನೀನೇ ವಹಿಸಿಕೊ. ಕೇಳುವ ಮೊದಲು ಕೊಟ್ಟರೆ ಯಾರೂ ಇಲ್ಲ ಎನ್ನುವುದಿಲ್ಲ. ನಮ್ಮ ಪಕ್ಕದವರು ಉಪ್ಪಳದ ಬ್ಯಾರಿಗಳು. ನಮ್ಮ ಮಗಳಿಗೆ ಬ್ಯಾರಿ ಭಾಷೆ ಬರುವುದು ಅಲ್ಲಿಂದ. ಅವರ ಹುಡುಗ ನಮ್ಮಲ್ಲಿ ನೀರುದೋಸೆ ಎಷ್ಟು ತಿನ್ನುತ್ತಿದ್ದ ಎಂದು ಹೇಳಿದರೆ ನೀನು ನಂಬಲಿಕ್ಕಿಲ್ಲ.

ರಜೆಗೆ ಊರಿಗೆ ಬಂದಾಗಲೂ ಮೈಮರೆಯಬೇಡ. ಹಾಜರಿ ಹಾಕಬೇಕಾದ ಮನೆಗಳೇ ರಜೆ ತಿಂದುಹಾಕುತ್ತವೆ. ನಿನ್ನೆ ಮಳೆ ಸ್ವಲ್ಪ ಬಿಟ್ಟಾಗ ಮಕ್ಕಳನ್ನು ಅಜ್ಜಿಗೆ ಬಿಟ್ಟು ನಾವಿಬ್ಬರೇ ಹತ್ತಿರದ ಅನಂತಪುರದ ಕೆರೆ ದೇವಸ್ಥಾನಕ್ಕೆ ಹೋಗಿದ್ದೆವು. ಕೆರೆಯ ಮೊಸಳೆ ಬಬಿಯಾ 2022ರಲ್ಲಿ ತೀರಿಕೊಂಡಿತು. ಮರುವರ್ಷ ಬೇರೊಂದು ಮೊಸಳೆ ಕಾಣಿಸಿಕೊಂಡಿತು. ನಮಗೆ ಅದೂ ಕಾಣಲಿಲ್ಲ. ಮುರಕಲ್ಲಿನ ಬಯಲಿನಲ್ಲಿ ಹಸಿರು ಹುಲ್ಲು, ತಲೆಯ ಮೇಲೆ ಒಂದೇ ಕೊಡೆ. ಬಸ್ಸು ಬರುವುದು ತಡವಾಯಿತು, ಇಬ್ಬರೂ ಬೇಸರಿಸಲಿಲ್ಲ.

ಆಗಸ್ಟ್ ಕೊನೆಗೆ ನಾವು ವಾಪಸ್. ಬಂದ ಮೊದಲ ಶನಿವಾರ ನಿನ್ನ ಮಕ್ಕಳನ್ನು ನಮ್ಮ ಮನೆಯಲ್ಲಿ ಬಿಡು. ಹಲಸಿನ ಹಪ್ಪಳ ತರುತ್ತಿದ್ದೇನೆ, ಕರಿದು ಕೊಟ್ಟರೆ ಮೂರು ಗಂಟೆ ನಿಮ್ಮನ್ನು ಕೇಳುವುದಿಲ್ಲ. ಚಿಕ್ಕವಳು ಮಧ್ಯಾಹ್ನ ಎಷ್ಟು ಗಂಟೆಗೆ ಮಲಗುತ್ತಾಳೆ ಅಂತ ಮೊದಲೇ ತಿಳಿಸು.