ಎಚ್‌ಒಡಿ ಏನೂ ಹೇಳುವುದಿಲ್ಲ ಅಂದ್ರಲ್ಲ

"ಸೇರಿ ಆರು ವಾರ ಆಯಿತು, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಏನೂ ಹೇಳುವುದೇ ಇಲ್ಲ, ಪಾಠ ಮಾಡುವ ಹುರುಪೇ ಹೋಗಿದೆ, ಈ ದೇಶದಲ್ಲಿ ಹೀಗೇನಾ?" ಎಂದು ಕೇಳಿದ್ದೀರಿ. ಓದಿ ನಗು ಬಂತು, ಆಮೇಲೆ ಸಂಕಟವೂ ಆಯಿತು.

ಈ ದೇಶಕ್ಕೆ ಬಂದ ಹೊಸದರಲ್ಲಿ ನಾನು ಸಿಲಬಸ್ ಹಿಡಿದು ಎಚ್‌ಒಡಿ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಕರೆಯುವವರೆಗೆ ನಿಲ್ಲುವುದು ನಮಗೆ ಅಭ್ಯಾಸ ಅಲ್ವಾ. ಅವರು ಹಾಳೆ ನೋಡಲೇ ಇಲ್ಲ. "ಕೋರ್ಸ್ ನಿಮ್ಮದು, ನೀವೇ ತೀರ್ಮಾನಿಸಿ" ಅಂದರು. ಇವರಿಗೆ ನಾನು ಲೆಕ್ಕಕ್ಕೇ ಇಲ್ಲ ಅಂದುಕೊಂಡೆ. ಎರಡು ವಾರ ಬಿಟ್ಟು ಅವರೇ ಬಂದು ಕ್ಲಾಸಿನ ಕೊನೇ ಸಾಲಿನಲ್ಲಿ ಕೂತರು. ಸಂಜೆ ಒಂದು ಗಂಟೆ ಮಾತಾಡಿದರು. ವಿದ್ಯಾರ್ಥಿಗಳು ಎಲ್ಲಿ ಪೆನ್ನು ಕೆಳಗಿಟ್ಟರು, ಎಲ್ಲಿ ತಲೆ ಎತ್ತಿದರು, ಅಷ್ಟೇ. ಸರಿ ತಪ್ಪು ಅನ್ನಲಿಲ್ಲ. ಮರುದಿನ ಕ್ಲಾಸಿಗೆ ಓಡಿಕೊಂಡೇ ಹೋದೆ.

ಒಳಗಿನಿಂದ ಬರುವ ಹುರುಪಿಗೆ ಮೂರು ಬೇಕು ಅನ್ನುತ್ತಾರೆ ಮನೋವಿಜ್ಞಾನಿಗಳಾದ ಡೆಸಿ ಮತ್ತು ರಯಾನ್. ಕೆಲಸ ನನ್ನ ಕೈಯಲ್ಲಿದೆ, ಅದು ನನಗೆ ಬರುತ್ತದೆ, ಜೊತೆಗೆ ನನ್ನವರಿದ್ದಾರೆ ಅನ್ನಿಸಬೇಕು. ನನ್ನ ಆ ಎಚ್‌ಒಡಿ ಮೂರೂ ಕೊಟ್ಟರು. ನಾನು ಕಲಿತದ್ದು ಮೊದಲನೆಯದನ್ನು ಮಾತ್ರ.

ಸರದಿಯಲ್ಲಿ ನಾನೇ ಎಚ್‌ಒಡಿ ಆದಾಗ ಹೊಸ ಮೇಡಂ ಒಬ್ಬರು ಸೇರಿದರು. "ಕೋರ್ಸ್ ನಿಮ್ಮದು" ಅಂದೆ. ಅದು ದೊಡ್ಡ ಮನಸ್ಸು ಎಂಬ ಜಂಬ ಬೇರೆ. ಒಂದು ದಿನವೂ ಅವರ ಕ್ಲಾಸಲ್ಲಿ ಕೂರಲಿಲ್ಲ. ಮಾತಾಡಬೇಕು ಅಂತ ಎರಡು ಸಲ ಮೇಲ್ ಮಾಡಿದರು. ಎರಡಕ್ಕೂ "ನಿಮ್ಮ ಮೇಲೆ ನಂಬಿಕೆ ಇದೆ" ಅಂತ ಒಂದೇ ಸಾಲು ಬರೆದೆ. ವರ್ಷ ತುಂಬುವ ಮೊದಲೇ ಬಿಟ್ಟು ಹೋದರು. "ಬೈದಿದ್ದರೂ ಪರವಾಗಿರಲಿಲ್ಲ ಸರ್" ಅಂದರು ಹೋಗುವಾಗ.

ಮನೋವಿಜ್ಞಾನಿ ಕರ್ಟ್ ಲೆವಿನ್ ಕೂಡ ನಮ್ಮ ಹಾಗೆ ವಲಸೆ ಬಂದವರೇ, 1933ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ. ಹುಡುಗರ ಗುಂಪುಗಳ ಮೇಲೆ ಅವರು ಮತ್ತು ಜೊತೆಗಾರರು ಮಾಡಿದ ಅಧ್ಯಯನ 1939ರಲ್ಲಿ ಪ್ರಕಟವಾಯಿತು. ಅಪ್ಪಣೆ ಕೊಡುವ ನಾಯಕ ಹೊರಗೆ ಹೋದರೆ ಕೆಲಸ ಕುಸಿಯುತ್ತಿತ್ತು. ಜೊತೆ ಕೂತು ತೀರ್ಮಾನಿಸುವವನು ಹೋದರೂ ನಡೆಯುತ್ತಿತ್ತು. ಮೂರನೆಯವನು ಸುಮ್ನೆ ಕೈಬಿಟ್ಟು ಕೂರುವವನು. ನಾನು ಆ ಮೂರನೆಯವನು.

ನಿಮ್ಮ ಎಚ್‌ಒಡಿ ಯಾವ ಬಗೆ ಅಂತ ಇಲ್ಲಿಂದ ಹೇಳಲಾರೆ. ಒಂದು ಪಾಠದ ಪ್ಲಾನ್ ಕಳಿಸಿ, ಮಾತಾಡಲು ಇಪ್ಪತ್ತು ನಿಮಿಷ ಕೊಡಿ ಅಂತ ಕೇಳಿ. "ನಂಬಿಕೆ ಇದೆ" ಅಂತಷ್ಟೇ ಉತ್ತರ ಬಂದರೆ ಬಾಗಿಲು ತಟ್ಟಿ ಒಳಗೆ ಹೋಗಿಬಿಡಿ. ಕರೆಯಲಿ ಅಂತ ಹೊರಗೆ ನಿಲ್ಲಬೇಡಿ.