ಸ್ಪಾ 6 ಗಂಟೆ ರೇಸ್: ಅರ್ಧ ಗಂಟೆ ಆದ ಮೇಲೆ ಹಿಂಭಾಗ ಜಾರುವ ಕಾರಿಗೆ ಸೆಟಪ್

ನಮಸ್ಕಾರ. ನಿಮ್ಮ ಪ್ರಶ್ನೆ ನೋಡಿದೆ. ಮೂವರು ಗೆಳೆಯರು ಸೇರಿ ಅಸೆಟ್ಟೊ ಕೋರ್ಸಾ ಕಾಂಪಿಟಿಟ್ಸಿಯೋನೆ (ಎಸಿಸಿ) ಅನ್ನುವ ಕಂಪ್ಯೂಟರ್ ರೇಸಿಂಗ್ ಗೇಮಿನಲ್ಲಿ, ಬೆಲ್ಜಿಯಮ್ಮಿನ ಸ್ಪಾ ಟ್ರ್ಯಾಕಿನ 6 ಗಂಟೆ ರೇಸ್ ಓಡಿಸಲಿದ್ದೀರಿ. ಕಾರು ಮರ್ಸಿಡಿಸ್ ಎಎಂಜಿ ಜಿಟಿ3. ಗೇಮ್ ಸಿದ್ಧವಾಗಿ ಕೊಡುವ ಅಗ್ರೆಸಿವ್ ಸೆಟಪ್ಪನ್ನೇ (ಕಾರಿನ ಹೊಂದಿಕೆಯನ್ನೇ) ಅಲ್ಲಲ್ಲಿ ತಿದ್ದಿ 2 ನಿಮಿಷ 18 ಸೆಕೆಂಡಿನ ಲ್ಯಾಪ್ ತೆಗೆದಿದ್ದೀರಿ. ಆದರೆ ಅರ್ಧ ಗಂಟೆ ಆದ ಮೇಲೆ ಹಿಂಭಾಗ ಮಾತು ಕೇಳುತ್ತಿಲ್ಲ, ಸೆಟಪ್ಪಿನ ಯಾವ ಕ್ಲಿಕ್ (ಹೊಂದಿಕೆಯ ಒಂದೊಂದು ಹೆಜ್ಜೆ) ಬದಲಿಸಲಿ ಅಂತ ಕೇಳಿದ್ದೀರಿ. ಉತ್ತರ ಉದ್ದವಾಗುತ್ತದೆ, ಒಂದು ಟೀ ಇಟ್ಟುಕೊಂಡು ಕೂತ್ಕೊಳ್ಳಿ.

ಮೊದಲು ಒಂದು ಮಾತು. ಆ 2:18 ಅನ್ನು ಸದ್ಯಕ್ಕೆ ಮರೆತುಬಿಡಿ. ಅದು ಅರ್ಧ ಟ್ಯಾಂಕಿಗಿಂತ ಕಡಿಮೆ ಪೆಟ್ರೋಲ್, ಹೊಸ ಟೈರು ಇಟ್ಟುಕೊಂಡು ಬಂದ ಲ್ಯಾಪ್, ಅಲ್ವಾ? 6 ಗಂಟೆ ರೇಸಿಗೆ ಬೇಕಾದ ಸೆಟಪ್ ಬೇರೆ. ನಿಮ್ಮ ಮೂವರಲ್ಲಿ ಯಾರು ಸ್ವಲ್ಪ ನಿಧಾನವೋ, ಅವರು ಸುಸ್ತಾಗಿರುವಾಗ, 50ನೇ ನಿಮಿಷದಲ್ಲಿ, ಮುಂದೆ ಟ್ರಾಫಿಕ್ ಇರುವಾಗ ಕಾರು ಹೇಗಿರುತ್ತದೆ ಅನ್ನುವುದೇ ಅಳತೆ. ಅವರಿಗೆ ಸರಿಹೋದರೆ ವೇಗವಾಗಿ ಓಡಿಸುವವರಿಗೂ ಸರಿಹೋಗುತ್ತದೆ. ಉಲ್ಟಾ ನಡೆಯುವುದಿಲ್ಲ.

ಹಾಗಾಗಿ ಅಗ್ರೆಸಿವ್ ಬಿಟ್ಟು ಗೇಮಿನ ಇನ್ನೊಂದು ಸಿದ್ಧ ಸೆಟಪ್ ಆದ ಸೇಫ್ ಪ್ರೀಸೆಟ್‌ನಿಂದ ಶುರು ಮಾಡಿ. ಟ್ಯಾಂಕ್ ಪೂರ್ತಿ ತುಂಬಿಸಿ, ರೇಸಿನ ಹವಾಮಾನವನ್ನೇ ಇಟ್ಟು, ಮಧ್ಯೆ ಗ್ಯಾರೇಜಿಗೆ ಬರದೆ ಒಂದು ಇಡೀ ಸ್ಟಿಂಟ್, ಅಂದರೆ ಪೆಟ್ರೋಲ್, ಟೈರಿಗೆ ಪಿಟ್‌ನಲ್ಲಿ ಒಂದು ಸಲ ನಿಂತು ಮತ್ತೆ ನಿಲ್ಲುವವರೆಗಿನ ಓಟ, ಓಡಿಸಿ. ಸ್ಪಿನ್ ಆದರೂ ಎಸ್ಕೇಪ್ ಒತ್ತಬೇಡಿ, ಮುಂದುವರಿಸಿ. 5ನೇ ಲ್ಯಾಪ್, 15ನೇ ಲ್ಯಾಪ್, 28ನೇ ಲ್ಯಾಪ್‌ನಲ್ಲಿ ನಾಲ್ಕೂ ಟೈರಿನ ಗಾಳಿ ಒತ್ತಡ ಮತ್ತು ತಾಪಮಾನ ಬರೆದಿಟ್ಟುಕೊಳ್ಳಿ. ಈ ಹಾಳೆ ಇಲ್ಲದೆ ಸುಮ್ನೆ ಕ್ಲಿಕ್ ಬದಲಿಸುತ್ತಾ ಕೂತರೆ ಇಡೀ ವಾರಾಂತ್ಯ ಅದರಲ್ಲೇ ಹೋಗುತ್ತದೆ.

ಈಗ ಹಿಂಭಾಗ ಯಾಕೆ ಜಾರುತ್ತದೆ ಅಂತ ನೋಡೋಣ. ನನ್ನ ಅಂದಾಜಿನಲ್ಲಿ ಎರಡು ಕಾರಣ ಒಟ್ಟಿಗೆ ಸೇರಿವೆ.

ಒಂದು, ಪೆಟ್ರೋಲ್. 100 ಲೀಟರ್ ಅಂದರೆ ಸುಮಾರು 75 ಕೆಜಿ. ಈ ಕಾರಿನಲ್ಲಿ ಟ್ಯಾಂಕ್ ಹಿಂದಿದೆ. ಪೆಟ್ರೋಲ್ ಖಾಲಿಯಾದಂತೆ ಹಿಂಭಾಗ ಹಗುರವಾಗಿ ಮೇಲೇಳುತ್ತದೆ, ಮೂತಿ ತಗ್ಗಿದ ಹಾಗಾಗುತ್ತದೆ. ಆಗ ಮುಂದಿನ ಚಕ್ರಗಳಿಗೆ ಹಿಡಿತ ಜಾಸ್ತಿ, ಹಿಂದಿನವಕ್ಕೆ ಕಡಿಮೆ. ತುಂಬಿದ ಟ್ಯಾಂಕಿನಲ್ಲಿ ಸಮತೂಕ ಇದ್ದ ಕಾರು ಕೊನೆಯ 10 ಲ್ಯಾಪ್‌ನಲ್ಲಿ ಬಾಲ ಬೀಸುವುದು ಇದಕ್ಕೇ. ಪೋರ್ಷೆ 911 ಜಿಟಿ3 ಆರ್ ಆಗಿದ್ದರೆ ಕಥೆ ಬೇರೆ, ಅದರ ಟ್ಯಾಂಕ್ ಮುಂದಿದೆ. ಬೇರೆಯವರ ಸೆಟಪ್ ಕಣ್ಣುಮುಚ್ಚಿ ನಕಲು ಮಾಡಬೇಡಿ ಅನ್ನುವುದು ಇಂಥದಕ್ಕೇ.

ಎರಡು, ಹಿಂದಿನ ಟೈರಿನ ಬಿಸಿ. ಲಾ ಸೋರ್ಸ್ ತಿರುವಿನಿಂದ ಹೊರಬರುವಾಗ ಡ್ಯಾಶ್‌ಬೋರ್ಡ್ ಗಮನಿಸಿ. ಸ್ಟೀರಿಂಗ್ ಇನ್ನೂ ಬಲಕ್ಕೆ ತಿರುಗಿದೆ, ಬಲಗಾಲು ಆಗಲೇ ಆಕ್ಸಿಲರೇಟರ್ ಒತ್ತುತ್ತಿದೆ, ಟಿಸಿ (ಟ್ರ್ಯಾಕ್ಷನ್ ಕಂಟ್ರೋಲ್, ಚಕ್ರ ಜಾರಿ ತಿರುಗದಂತೆ ತಡೆಯುವ ವ್ಯವಸ್ಥೆ) ದೀಪ ಮಿಣಮಿಣ ಅನ್ನುತ್ತದೆ. ಅಷ್ಟು ಹೊತ್ತೂ ಹಿಂದಿನ ಎಡ ಟೈರು ರಸ್ತೆಗೆ ಉಜ್ಜುತ್ತಲೇ ಇರುತ್ತದೆ. ಬ್ರುಸೆಲ್ಸ್ ಹೇರ್‌ಪಿನ್, ಬಸ್ ಸ್ಟಾಪ್ ಶಿಕೇನ್ ಎರಡರಲ್ಲೂ ಹಿಂದಿನ ಟೈರಿಗೆ ಇದೇ ಪಾಡು. ಒಂದು ಲ್ಯಾಪ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. 12–15 ಲ್ಯಾಪ್ ಹೊತ್ತಿಗೆ ಟೈರು ಕಾದು, ಒಳಗಿನ ಒತ್ತಡ ಏರಿ, ರಸ್ತೆಗೆ ತಾಗುವ ಜಾಗ ಕಡಿಮೆಯಾಗಿ, ಇನ್ನಷ್ಟು ಜಾರಿ, ಇನ್ನಷ್ಟು ಕಾಯುತ್ತದೆ.

ಪರಿಹಾರವನ್ನು ಈ ಕ್ರಮದಲ್ಲಿ ಮಾಡಿ, ಒಂದು ಸಲಕ್ಕೆ ಒಂದೇ. ಮೊದಲು ಟಿಸಿ ಒಂದು ಅಂಕಿ ಮೇಲೆ. ಕ್ವಾಲಿಫೈಯಿಂಗ್‌ನಲ್ಲಿ ಇದು ಸಮಯ ತಿನ್ನುತ್ತದೆ ಅಂತ ಎಲ್ಲರೂ ಕಡಿಮೆ ಇಡುತ್ತಾರೆ. ಉದ್ದ ಸ್ಟಿಂಟ್‌ನಲ್ಲಿ ಅದೇ ಟೈರು ಉಳಿಸುತ್ತದೆ. ಆಮೇಲೆ ಹಿಂದಿನ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಕಂಬಿ) ಒಂದೆರಡು ಕ್ಲಿಕ್ ಸಡಿಲ. ಆಮೇಲೆ ಹಿಂದಿನ ರೈಡ್ ಹೈಟ್ (ನೆಲದಿಂದ ಕಾರಿನ ಎತ್ತರ) ಸ್ವಲ್ಪ ಇಳಿಸಿ. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಹಿಂದಿನ ರೆಕ್ಕೆ (ವಿಂಗ್) ಒಂದು ಕ್ಲಿಕ್ ಏರಿಸಿ, ಯಾಕಂದರೆ ಅದರ ಬೆಲೆಯನ್ನು ಕೆಮ್ಮೆಲ್ ನೇರ ರಸ್ತೆಯಲ್ಲಿ ಪ್ರತಿ ಲ್ಯಾಪ್ ಕಟ್ಟಬೇಕು. ಕಾಲು ಎತ್ತಿದ ಕೂಡಲೇ ಹಿಂಭಾಗ ಕಿತ್ತುಕೊಂಡು ಬರುತ್ತಿದ್ದರೆ ಡಿಫರೆನ್ಶಿಯಲ್ ಪ್ರೀಲೋಡ್ (ಹಿಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಹಿಡಿದಿಡುವ ಬಿಗಿ) ಏರಿಸಿ ನೋಡಿ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮುಟ್ಟಲೇಬೇಡಿ, ಇನ್ನೂ ಅಲ್ಲಿಗೆ ಹೋಗುವ ಅಗತ್ಯ ಬಂದಿಲ್ಲ.

ಬ್ರೇಕ್ ಬಯಾಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಬ್ರೇಕಿನ ಬಲದ ಹಂಚಿಕೆ, ಮರೆಯಬೇಡಿ. ಟ್ಯಾಂಕ್ ಖಾಲಿಯಾದಂತೆ ಹಿಂದಿನ ಚಕ್ರ ಬೇಗ ಲಾಕ್ ಆಗುವ ಕಡೆಗೆ ವಾಲುತ್ತದೆ. ಸ್ಟಿಂಟ್ ಅರ್ಧ ಆದ ಮೇಲೆ ಬಯಾಸ್ ಅರ್ಧ ಪರ್ಸೆಂಟ್ ಮುಂದಕ್ಕೆ ತಳ್ಳಿ. ಇದಕ್ಕೆ ಸ್ಟೀರಿಂಗ್ ಮೇಲೆ ಬಟನ್ ಇಟ್ಟುಕೊಳ್ಳದವರು ಇವತ್ತೇ ಇಟ್ಟುಕೊಳ್ಳಿ.

ಗಾಳಿ ಒತ್ತಡಕ್ಕೆ ಬರೋಣ. ಒಣ ಟೈರು ಬಿಸಿಯಾದ ಮೇಲೆ 26ರಿಂದ 27 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ನಡುವೆ ಇರಬೇಕು. ಹಳೆಯ ವಿಡಿಯೋಗಳಲ್ಲಿ 27.5 ಅಂತ ಹೇಳಿರುತ್ತಾರೆ. ಅದು ಗೇಮಿನ 2023ರ 1.9 ಅಪ್‌ಡೇಟ್‌ಗಿಂತ ಮುಂಚಿನ ಲೆಕ್ಕ, ಈಗ ನಡೆಯದು. ಸ್ಪಾದಲ್ಲಿ ಬಲ ತಿರುವುಗಳ ಭಾರ ಎಡ ಟೈರುಗಳ ಮೇಲೆ ಬೀಳುವುದರಿಂದ ಎಡಗಡೆ ಒತ್ತಡ ಜಾಸ್ತಿ ಏರುತ್ತದೆ. ಹಾಗಾಗಿ ತಣ್ಣಗಿರುವಾಗಲೇ ಎಡಗಡೆ ಸ್ವಲ್ಪ ಕಡಿಮೆ ಹಾಕಬೇಕು. ಇನ್ನೊಂದು, ನಿಮ್ಮ ರೇಸ್ ಮಧ್ಯಾಹ್ನ ಶುರುವಾಗಿ ಕತ್ತಲಲ್ಲಿ ಮುಗಿಯುತ್ತದೆ ಅಂದಿರಿ. ಗಾಳಿಯ ತಾಪಮಾನ 1 ಡಿಗ್ರಿ ಇಳಿದರೆ ಟೈರಿನಲ್ಲಿ ಸುಮಾರು 0.1 ಪಿಎಸ್‌ಐ ಇಳಿಯುತ್ತದೆ. 8 ಡಿಗ್ರಿ ತಂಪಾದರೆ 0.8. ಅಂದರೆ ಮಧ್ಯಾಹ್ನ ಹೊಂದಿಸಿದ ಒತ್ತಡವನ್ನೇ ರಾತ್ರಿಯೂ ಹಾಕಿದರೆ ಟೈರು ಕೆಲಸವೇ ಮಾಡುವುದಿಲ್ಲ. ಪ್ರತಿ ಪಿಟ್‌ಗೆ ಮುಂಚೆ ಪಿಟ್ ಸ್ಟ್ರಾಟಜಿ ಪುಟದಲ್ಲಿ ಒತ್ತಡ ತಿದ್ದಿ. ಈ ಕ್ಷಣದ ತಾಪಮಾನಕ್ಕಲ್ಲ, ಮುಂದಿನ ಸ್ಟಿಂಟಿನ ನಡುವೆ ಎಷ್ಟಿರಬಹುದೋ ಅದಕ್ಕೆ. ಓಡಿಸುವವರ ಕೈಗೆ ಈ ಕೆಲಸ ಕೊಡಬೇಡಿ. ಪಕ್ಕದಲ್ಲಿ ಕೂತ ಗೆಳೆಯ ಹೇಳಲಿ, ಇವರು ಬಟನ್ ಒತ್ತಲಿ.

ಬ್ರೇಕ್ ಪ್ಯಾಡ್ 2ನೇ ನಂಬರ್ ಹಾಕಿ. 1ನೇ ನಂಬರ್ ಚೆನ್ನಾಗಿ ಕಚ್ಚುತ್ತದೆ, ನಿಜ, ಆದರೆ ಅದು ಸ್ಪ್ರಿಂಟ್ ರೇಸಿನದು. 6 ಗಂಟೆ ಅದರಲ್ಲಿ ಹೋಗುತ್ತೇನೆ ಅಂದರೆ ಕೊನೆಗೆ ಲೆ ಕೋಂಬ್ ತಿರುವಿನಲ್ಲಿ ಪೆಡಲ್ ತಳಕ್ಕೆ ಹೋಗುತ್ತದೆ, ಇಲ್ಲಾ ಪಿಟ್‌ನಲ್ಲಿ ಪ್ಯಾಡ್ ಬದಲಿಸಲು ಸಮಯ ಕಳೆಯಬೇಕು. 2ನೇದಕ್ಕೆ ಕಾಲು ಒಗ್ಗಲು ಒಂದು ಸಂಜೆ ಅಭ್ಯಾಸ ಸಾಕು.

ಈಗ ರೇಸ್ ಗೆಲ್ಲುವ ಅಥವಾ ಸೋಲುವ ಲೆಕ್ಕ: ಪೆಟ್ರೋಲ್. ಟ್ಯಾಂಕ್ 120 ಲೀಟರ್. ರೇಸಿನಲ್ಲಿ ಸರಾಸರಿ ಲ್ಯಾಪ್ 2 ನಿಮಿಷ 20 ಸೆಕೆಂಡ್, ಒಂದೊಂದು ಪಿಟ್‌ಗೆ 80 ಸೆಕೆಂಡ್ ನಷ್ಟ ಅಂತ ಇಟ್ಟುಕೊಳ್ಳಿ. 4 ಪಿಟ್ ಕಳೆದರೆ 6 ಗಂಟೆಗೆ 152 ಲ್ಯಾಪ್. ಗಡಿಯಾರ ಸೊನ್ನೆಯಾದಾಗ ಓಡುತ್ತಿರುವ ಲ್ಯಾಪ್ ಮುಗಿಸಲೇಬೇಕು, ಹಾಗಾಗಿ 153. ಒಂದು ಲ್ಯಾಪ್‌ಗೆ 3.8 ಲೀಟರ್ ಕುಡಿದರೆ ಒಂದು ಟ್ಯಾಂಕಿಗೆ 31 ಲ್ಯಾಪ್, 5 ಸ್ಟಿಂಟಿಗೆ 155. ಹತ್ತಿರವೇ, ಆದರೂ ಸಾಕು. ಅದೇ 3.95 ಲೀಟರ್ ಕುಡಿದರೆ? ಟ್ಯಾಂಕಿಗೆ 30 ಲ್ಯಾಪ್, 5 ಸ್ಟಿಂಟಿಗೆ 150. ಇನ್ನೊಂದು ಪಿಟ್ ಬೇಕು, 80 ಸೆಕೆಂಡ್ ಹೋಯಿತು. ಬರೀ 150 ಎಂಎಲ್ ವ್ಯತ್ಯಾಸಕ್ಕೆ! ಸೆಟಪ್‌ನಲ್ಲಿ ಲ್ಯಾಪ್‌ಗೆ ಅರ್ಧ ಸೆಕೆಂಡ್ ಹುಡುಕಿ ಗಳಿಸುವಷ್ಟನ್ನೂ ಇದು ನುಂಗಿಬಿಡುತ್ತದೆ. ನಿಮ್ಮ ಮೂವರ ಬಳಕೆ ಬೇರೆಬೇರೆ ಇರುತ್ತದೆ, ಒಬ್ಬೊಬ್ಬರದೂ ಅಳೆದು ಈ ಲೆಕ್ಕಕ್ಕೆ ಹಾಕಿ. ಫಾರ್ಮೇಷನ್ ಲ್ಯಾಪ್‌ನಲ್ಲೂ (ರೇಸ್ ಶುರುವಾಗುವ ಮುಂಚಿನ ನಿಧಾನದ ಸುತ್ತು) ಪೆಟ್ರೋಲ್ ಉರಿಯುತ್ತದೆ, ಮೊದಲ ಸ್ಟಿಂಟ್ ಒಂದು ಲ್ಯಾಪ್ ಕಡಿಮೆ ಅಂತಲೇ ಇಟ್ಟುಕೊಳ್ಳಿ.

ಉಳಿಸುವುದು ಹೇಗೆ? ಕೆಮ್ಮೆಲ್ ಕೊನೆಯಲ್ಲಿ ಮತ್ತು ಬಸ್ ಸ್ಟಾಪಿಗೆ ಮುಂಚೆ, ಬ್ರೇಕ್ ಒತ್ತುವ ಜಾಗಕ್ಕಿಂತ ಸ್ವಲ್ಪ ಮೊದಲೇ ಕಾಲು ಎತ್ತಿ, ಕಾರು ತಾನಾಗಿ ಹೋಗಲು ಬಿಡಿ. ವೇಗ ಕಳೆದುಕೊಳ್ಳುವುದು ತೀರಾ ಕಡಿಮೆ. ಬ್ರೇಕ್ ಮತ್ತು ಟೈರು ಎರಡಕ್ಕೂ ಇದು ಒಳ್ಳೆಯದು. ಮುಂದಿನವನ ಹಿಂದೆ ಸಿಕ್ಕಿಹಾಕಿಕೊಂಡಾಗಲಂತೂ ಸಿಟ್ಟು ಮಾಡಿಕೊಳ್ಳದೆ ಇದನ್ನೇ ಮಾಡಿ.

ಸರ್ವರ್‌ನಲ್ಲಿ ಸ್ಟಿಂಟ್ ಮಿತಿ ಇದೆಯಾ ಅಂತ ಸಂಘಟಕರನ್ನು ಮೊದಲೇ ಕೇಳಿ. ನಿಜವಾದ ಸ್ಪಾ 24 ಗಂಟೆ ರೇಸಿನ ಹಾಗೆ 65 ನಿಮಿಷ ಇಟ್ಟಿದ್ದರೆ ಮೇಲಿನ ಲೆಕ್ಕ ಬುಡಮೇಲು. ಆಗ 6 ಸ್ಟಿಂಟ್, 5 ಪಿಟ್ ಖಾಯಂ. ಪೆಟ್ರೋಲ್ ಉಳಿಸುವ ತಲೆನೋವೇ ಇಲ್ಲ, ಟ್ಯಾಂಕ್ ಪೂರ್ತಿ ತುಂಬುವುದೂ ಬೇಡ.

ಮಳೆ. ಸ್ಪಾ ಅಂದ ಮೇಲೆ ಮಳೆ ಬರಬಹುದು ಅಂತಲೇ ಲೆಕ್ಕ ಹಾಕಬೇಕು. ರೇಸ್ ಶುರುವಾದ ಮೇಲೆ ಪಿಟ್‌ನಲ್ಲಿ ಟೈರು, ಒತ್ತಡ, ಪೆಟ್ರೋಲ್, ಬ್ರೇಕ್ ಪ್ಯಾಡ್ ಬದಲಿಸಬಹುದು. ಸ್ಪ್ರಿಂಗ್, ರೆಕ್ಕೆ, ರೈಡ್ ಹೈಟ್ ಬದಲಿಸಲು ಆಗುವುದಿಲ್ಲ. ಅಂದರೆ ಒಣ ರಸ್ತೆಗೆ ಮಾಡಿದ ಸೆಟಪ್ಪೇ ಮಳೆಯಲ್ಲೂ ಓಡಬೇಕು. ಮಳೆ ಸೂಚನೆ ಇದ್ದರೆ ರೆಕ್ಕೆಯ ಆ ಒಂದು ಕ್ಲಿಕ್ ಬಗ್ಗೆ ಜಿಪುಣತನ ಬೇಡ. ಮಳೆ ಟೈರಿಗೆ 30 ಪಿಎಸ್‌ಐ ಆಸುಪಾಸು ಇರಲಿ. ರಸ್ತೆ ಒಣಗುತ್ತಾ ಬಂದರೆ ಮಳೆ ಟೈರು ಬೇಗ ಕಾಯುತ್ತದೆ, ಒದ್ದೆ ಇರುವ ಪಟ್ಟಿ ಹುಡುಕಿ ಅದರ ಮೇಲೆ ಓಡಿಸಿ.

ಕಾರಿನ ಹೊರಗಿನದ್ದು ಚುಟುಕಾಗಿ ಹೇಳುತ್ತೇನೆ. ಫೋರ್ಸ್ ಫೀಡ್‌ಬ್ಯಾಕ್ (ಗೇಮಿನ ಸ್ಟೀರಿಂಗ್ ಕೈಗೆ ಕೊಡುವ ಎಳೆತ) ಸ್ವಲ್ಪ ತಗ್ಗಿಸಿ, ಎರಡನೇ ಸ್ಟಿಂಟ್ ಹೊತ್ತಿಗೆ ತೋಳು ಥ್ಯಾಂಕ್ಸ್ ಹೇಳುತ್ತದೆ. ವೈಫೈ ಬೇಡ, ವೈರ್ ಎಳೆಯಿರಿ. ರೂಟರ್‌ಗೂ ಯುಪಿಎಸ್ ಇರಲಿ, ಕಂಪ್ಯೂಟರ್‌ಗೆ ಮಾತ್ರ ಇದ್ದರೆ ಏನು ಪ್ರಯೋಜನ? 2023ರ ಜನವರಿಯಲ್ಲಿ ವರ್ಚುವಲ್ ಲೆಮಾನ್ಸ್ 24 ಗಂಟೆ ರೇಸಿನಲ್ಲಿ ಮುಂದಿದ್ದ, ಫಾರ್ಮುಲಾ 1 ಚಾಲಕ ಮ್ಯಾಕ್ಸ್ ವರ್ಸ್ಟಾಪೆನ್ ಅವರ ತಂಡವೇ ಸಂಪರ್ಕ ಕಡಿದು ರೇಸ್ ಕಳೆದುಕೊಂಡಿತು. ಅಲ್ಲಿ ತೊಂದರೆ ಸರ್ವರ್ ಕಡೆಯದು, ಅವರ ಕೈಯಲ್ಲಿ ಇರಲಿಲ್ಲ. ನಮ್ಮ ಮನೆಯ ಕರೆಂಟು ಮತ್ತು ವೈರಾದರೂ ನಮ್ಮ ಕೈಯಲ್ಲಿರಲಿ. ಡ್ರೈವರ್ ಸ್ವಾಪ್ (ಓಡಿಸುವವರ ಬದಲಾವಣೆ) ಒಂದು ಸಲ ಅಭ್ಯಾಸ ಸರ್ವರ್‌ನಲ್ಲಿ ಮಾಡಿ ನೋಡಿ. ರೇಸಿನ ದಿನವೇ ಮೊದಲ ಸಲ ಬೇಡ.

ಸೇಫ್ ಪ್ರೀಸೆಟ್ ಮೇಲೆ ಟಿಸಿ ಒಂದು ಅಂಕಿ ಏರಿಸಿ ಪೂರ್ತಿ ಟ್ಯಾಂಕಿನ ಸ್ಟಿಂಟ್ ಓಡಿಸಿದ ಮೇಲೆ ಆ ಮೂರು ಲ್ಯಾಪ್‌ಗಳ ಒತ್ತಡ, ತಾಪಮಾನ, ಒಬ್ಬೊಬ್ಬರ ಪೆಟ್ರೋಲ್ ಬಳಕೆ ಇಲ್ಲಿ ಹಾಕಿ. ಸೆಟಪ್ ಪುಟದಲ್ಲಿ ಟೆಲಿಮೆಟ್ರಿ ಲ್ಯಾಪ್ ಸಂಖ್ಯೆ ಜಾಸ್ತಿ ಮಾಡಿಟ್ಟರೆ ಮೋಟೆಕ್ ಫೈಲೂ (ಓಟದ ಅಳತೆಗಳ ದಾಖಲೆ) ಉಳಿಯುತ್ತದೆ, ಅದಿದ್ದರೆ ಇನ್ನೂ ಒಳ್ಳೆಯದು. ರೋಲ್ ಬಾರ್ ಎಷ್ಟು ಸಡಿಲಿಸಬೇಕು ಅನ್ನುವುದನ್ನು ಅದು ನೋಡಿಯೇ ಹೇಳುತ್ತೇನೆ.